ಕಡಿದ ತಂತಿಯಲ್ಲಿ ಕಾಣುವ ವಿದ್ಯುತ್ತು: ಹುಸಿ ಯಾವುದು, ನಿಜ ಯಾವುದು?

ಮಹಾನಗರಕ್ಕೆ ಬಂದು ನೆಲಸಿದ ನಮ್ಮವರಲ್ಲಿ ಒಂದು ಗುಣ ಬಹುಬೇಗ ಬೆಳೆಯುತ್ತದೆ. ಊರಿನಲ್ಲಿದ್ದಾಗ ಒಂದು ಮೊಳೆ ಹೊಡೆಯುವುದಕ್ಕೂ ಬಡಗಿಯನ್ನು ಕರೆಯುತ್ತಿದ್ದವರು ಇಲ್ಲಿ ನಲ್ಲಿಯ ವಾಷರ್ ಬದಲಿಸುವುದನ್ನೂ ಫ್ಯೂಸಿಗೆ ತಂತಿ ಕಟ್ಟುವುದನ್ನೂ ತಾವೇ ಕಲಿತುಕೊಳ್ಳುತ್ತಾರೆ. ಕರೆದ ಕೆಲಸಗಾರ ಹೇಳಿದ ದಿನ ಬರುವುದಿಲ್ಲ. ಬಂದರೆ ಅವನು ಕೇಳುವ ಕೂಲಿಯನ್ನು ಕೊಡಲು ಮನಸ್ಸು ಒಪ್ಪುವುದಿಲ್ಲ. ಹೀಗಾಗಿ ಮನೆಮನೆಯ ಕಪಾಟಿನಲ್ಲಿಯೂ ಒಂದು ಇಕ್ಕಳ, ಒಂದು ಟೆಸ್ಟರ್, ಈಚಿನ ವರ್ಷಗಳಲ್ಲಿ ಒಂದು ಡಿಜಿಟಲ್ ಮಲ್ಟಿಮೀಟರ್ ಸೇರಿಕೊಂಡಿವೆ. ಸ್ವಾವಲಂಬನೆ ಒಳ್ಳೆಯದೇ. ಆದರೆ ಕೈಯಲ್ಲಿರುವ ಉಪಕರಣ ಏನು ಹೇಳುತ್ತಿದೆಯೆಂಬುದನ್ನು ತಿಳಿಯದೆ ಅದನ್ನು ನಂಬುವುದು ಜೀವಕ್ಕೇ ಎರವಾಗಬಹುದು.

ಆರೋಗ್ಯಲೇಖನಗಳ ನಡುವೆ ವಿದ್ಯುತ್ತಿನ ಮಾತೇಕೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ರೋಗ ಬಂದರೆ ಚಿಕಿತ್ಸೆಗೆ ಕಾಲಾವಕಾಶವಾದರೂ ಇರುತ್ತದೆ; ವಿದ್ಯುದಾಘಾತದಲ್ಲಿ ಹಲವು ವೇಳೆ ಅದೂ ಇರುವುದಿಲ್ಲ. ಕಾರ್ಖಾನೆಯೊಂದರ ವಿದ್ಯುತ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ನಾನು, ನನ್ನದೇ ಅರೆಮಾತಿನಿಂದ ಒಬ್ಬ ಸ್ನೇಹಿತರಿಗೆ ಒದಗಿದ ಅಪಾಯವನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ. ಮತ್ತೊಬ್ಬರಿಗೆ ಹಾಗಾಗದಿರಲಿ ಎಂಬುದೇ ಇದರ ಉದ್ದೇಶ.

ಮಾಸ್ತರರ ಮೀಟರು

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಧಾರವಾಡದ ಕಡೆಯ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಮಾಸ್ತರರೆಂದೇ ಕರೆಯುವುದು ರೂಢಿ. ಒಂದು ಭಾನುವಾರ ಬೆಳಿಗ್ಗೆ ಅವರು ನನ್ನನ್ನು ತಮ್ಮ ಮನೆಗೆ ಕರೆದೊಯ್ದರು. ಅವರ ಮನೆಯಲ್ಲಿ ಬಾಗಿಲಿನಿಂದ ಅಡಿಗೆಮನೆಯವರೆಗೆ ಹಳೆಯ ಕರೆಗಂಟೆಯ ತಂತಿಯೊಂದು ಗೋಡೆಯೊಳಗಿನ ಪೈಪಿನಲ್ಲಿ ಹಾದುಹೋಗಿತ್ತು. ಗಂಟೆ ಕೆಟ್ಟು ವರ್ಷಗಳಾಗಿದ್ದವು. ಮಾಸ್ತರರು ಆ ತಂತಿಯನ್ನು ಎರಡು ತುದಿಗಳಲ್ಲಿಯೂ ಕತ್ತರಿಸಿ ಬಿಡಿಯಾಗಿಸಿದ್ದರು. ಆಮೇಲೆ ಕುತೂಹಲಕ್ಕೆಂದು ಹೊಸ ಮೀಟರಿನ ಒಂದು ಕಡ್ಡಿಯನ್ನು ಅದಕ್ಕೂ ಮತ್ತೊಂದನ್ನು ಪಕ್ಕದ ನ್ಯೂಟ್ರಲ್ ತಂತಿಗೂ ಮುಟ್ಟಿಸಿದ್ದರು.

"ರಾಯರ, ಈ ತಂತಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಎರಡೂ ಕಡೆ ನಾನ ಕತ್ತರಿಸೇನಿ. ಆದ್ರೂ ನೂರಾ ಹನ್ನೆರಡು ವೋಲ್ಟ್ ತೋರಸ್ತದ. ಇದರೊಳಗ ದೆವ್ವ ಹೊಕ್ಕದೇನ್ರೀ?" ಎಂದು ಅವರು ಕೇಳಿದರು.

ನಾನು ನಕ್ಕೆ. ಏಕೆಂದರೆ ವಿದ್ಯುತ್ ಕೆಲಸದವರು ಇದಕ್ಕೆ ಇಟ್ಟಿರುವ ಹೆಸರೂ ಅದೇ: ಭೂತ ವೋಲ್ಟೇಜು. ಹೋಲ್ಡರಿಗೆ ಹಾಕಿದ 15 ವಾಟಿನ ಒಂದು ಹಳೆಯ ಮಾದರಿಯ ಬಲ್ಬನ್ನು ತರಿಸಿ, ಅದರ ಎರಡು ತಂತಿಗಳನ್ನು ಮೀಟರಿನ ಕಡ್ಡಿಗಳು ಮುಟ್ಟಿದ್ದ ಸ್ಥಳದಲ್ಲಿಯೇ ಸೇರಿಸಿದೆ. ಬಲ್ಬು ಮಿನುಗಲೂ ಇಲ್ಲ. ಮೀಟರಿನ ಅಂಕಿ ಒಮ್ಮೆಗೇ ಕುಸಿದು ಸೊನ್ನೆಯ ಸಮೀಪ ನಿಂತಿತು. ಬಲ್ಬನ್ನು ತೆಗೆದೆ, ಮತ್ತೆ 112. ಮಾಸ್ತರರಿಗೆ ಮಕ್ಕಳಂತೆ ಸಂತೋಷವಾಯಿತು. "ಇದು ಹುಸಿ ವೋಲ್ಟೇಜು, ಹೆದರಬೇಡಿ" ಎಂದು ಹೇಳಿ, ಕಾಫಿ ಕುಡಿದು ಮನೆಗೆ ಬಂದೆ. ಬಲ್ಬನ್ನು ಏಕೆ ಇಟ್ಟೆನೆಂಬುದನ್ನು ಮಾತ್ರ ಹೇಳಲಿಲ್ಲ. ನನ್ನ ತಪ್ಪು ಅದು.

ಮುಟ್ಟದೆಯೇ ತಲುಪುವ ವಿದ್ಯುತ್ತು

ಎತ್ತಲೂ ಸಂಬಂಧವಿಲ್ಲದ ತಂತಿಗೆ 112 ವೋಲ್ಟ್ ಎಲ್ಲಿಂದ ಬಂತು? ಒಂದೇ ಗೋಡೆಯ ಆಚೆಗೊಂದು ಈಚೆಗೊಂದು ಸಂಸಾರವಿರುವ ಚಾಳುಗಳಲ್ಲಿ ಬಾಳಿದವರಿಗೆ ಇದನ್ನು ವಿವರಿಸುವುದು ಸುಲಭ. ಪಕ್ಕದ ಮನೆಯವರು ಒರಳಿನಲ್ಲಿ ಕುಟ್ಟತೊಡಗಿದರೆ ನಮ್ಮ ಮನೆಯ ಹಲಗೆಯ ಮೇಲಿನ ಪಾತ್ರೆಗಳು ಸದ್ದುಮಾಡುತ್ತವೆ. ಗೋಡೆಯನ್ನು ದಾಟಿ ಯಾರೂ ಬರಲಿಲ್ಲ, ಒನಕೆಯೂ ಬರಲಿಲ್ಲ. ಆದರೆ ಅದುರು ಬಂದಿತು. ಪೈಪಿನೊಳಗಿನ ತಂತಿಗಳ ಪಾಡೂ ಇದೇ.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್ತು. ಅದು ಸೆಕೆಂಡಿಗೆ 50 ಆವೃತ್ತಿಗಳಂತೆ ದಿಕ್ಕು ಬದಲಿಸುತ್ತಿರುತ್ತದೆ. ಎರಡು ಲೋಹದ ವಾಹಕಗಳ ನಡುವೆ ಒಂದು ಅವಾಹಕ ಪದರವಿದ್ದರೆ ಅದೊಂದು ಕೆಪಾಸಿಟರು, ಅಂದರೆ ವಿದ್ಯುತ್ ಧಾರಕ. 1745-46ರಲ್ಲಿ ಜರ್ಮನಿಯ ಕ್ಲೈಸ್ಟ್ ಹಾಗೂ ಹಾಲೆಂಡಿನ ಲೈಡನ್ ನಗರದ ಮುಷೆನ್‌ಬ್ರೂಕ್ ಪ್ರತ್ಯೇಕವಾಗಿ ಕಂಡುಕೊಂಡ ಲೈಡನ್ ಜಾಡಿ ಇದರ ಮೂಲರೂಪ; ಒಳಗೊಂದು ವಾಹಕ, ಹೊರಗೊಂದು ವಾಹಕ, ನಡುವೆ ಗಾಜು. ಗೋಡೆಯೊಳಗಿನ ಪೈಪಿನಲ್ಲಿ ಪಕ್ಕಪಕ್ಕದಲ್ಲಿ ಮಲಗಿರುವ ಎರಡು ತಾಮ್ರದ ತಂತಿಗಳೂ ನಡುವಣ ಪ್ಲಾಸ್ಟಿಕ್ ಕವಚವೂ ಅಂಥದೇ ಒಂದು ಉದ್ದನೆಯ ಧಾರಕವಾಗುತ್ತವೆ. ನೇರವಿದ್ಯುತ್ತಿಗೆ ಈ ದಾರಿ ಮುಚ್ಚಿದ ಬಾಗಿಲು; ಪರ್ಯಾಯ ವಿದ್ಯುತ್ತಿಗಾದರೋ ಕಿರಿದಾದ ಕಿಂಡಿ.

ಎಷ್ಟು ಕಿರಿದು? ಇಂಥ ತಂತಿಗಳ ಧಾರಕತೆ ಒಂದು ಮೀಟರಿಗೆ ಸುಮಾರು 50ರಿಂದ 100 ಪಿಕೋಫ್ಯಾರಡ್ ಇರುತ್ತದೆ. ಮಾಸ್ತರರ ಕರೆಗಂಟೆಯ ತಂತಿ ಸುಮಾರು 10 ಮೀಟರ್ ದೂರ ಕೆಂಪು ಬಣ್ಣದ ಫೇಸ್ ಹಾಗೂ ಕಪ್ಪು ಬಣ್ಣದ ನ್ಯೂಟ್ರಲ್ ತಂತಿಗಳ ನಡುವೆ ಸಾಗಿತ್ತು. ಒಂದೊಂದು ಕಡೆಗೂ 1000 ಪಿಕೋಫ್ಯಾರಡ್ ಎಂದು ಇಟ್ಟುಕೊಂಡರೆ, 50 ಆವೃತ್ತಿಗಳ ವಿದ್ಯುತ್ತಿಗೆ ಅದು ಒಡ್ಡುವ ತಡೆ ಸುಮಾರು 32 ಲಕ್ಷ ಓಮ್. ಅತ್ತ ಫೇಸಿಗೂ ಇತ್ತ ನ್ಯೂಟ್ರಲಿಗೂ ಸಮಾನ ತಡೆಯಿರುವುದರಿಂದ ನಡುವಿನ ಬಿಡಿತಂತಿ ಎರಡರ ಮಧ್ಯದಲ್ಲಿ, ಅಂದರೆ 230ರ ಅರ್ಧವಾದ 115 ವೋಲ್ಟಿನ ಆಸುಪಾಸಿನಲ್ಲಿ, ತೇಲುತ್ತಿರುತ್ತದೆ. ಮಾಸ್ತರರ ಮೀಟರು ಕಂಡದ್ದು ಇದನ್ನೇ.

ಮೀಟರು ಸುಳ್ಳು ಹೇಳಿತೇ?

ಮೀಟರು ಸುಳ್ಳು ಹೇಳಲಿಲ್ಲ. ಅದು ಒತ್ತಡವನ್ನು ಮಾತ್ರ ಹೇಳಿತು. ಆ ಒತ್ತಡದ ಹಿಂದೆ ಬಲವೆಷ್ಟಿದೆಯೆಂಬುದನ್ನು ಹೇಳಲಿಲ್ಲ. ಬೇಸಗೆಯಲ್ಲಿ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತವರು ಇದನ್ನು ಬಲ್ಲರು. ಪೈಪು ಕಸದಿಂದ ಮುಕ್ಕಾಲು ಮುಚ್ಚಿಹೋಗಿದ್ದರೂ ನಲ್ಲಿಯ ಬಾಯನ್ನು ಬೆರಳಿನಿಂದ ಒತ್ತಿ ಹಿಡಿದಾಗ ನೀರು ರಭಸದಿಂದ ಬರುವಂತೆಯೇ ಭಾಸವಾಗುತ್ತದೆ. ಬೆರಳು ತೆಗೆದು ಬಿಂದಿಗೆ ಇಟ್ಟೊಡನೆ ಬಣ್ಣ ಬಯಲಾಗುತ್ತದೆ: ತೊಟ್ಟು ತೊಟ್ಟು.

ಡಿಜಿಟಲ್ ಮಲ್ಟಿಮೀಟರು ಬೆರಳಿನಂತೆ. ಅಳೆಯುವ ವಸ್ತುವಿನಿಂದ ಅತ್ಯಲ್ಪವನ್ನೇ ಸೆಳೆದುಕೊಳ್ಳಬೇಕೆಂದು ಅದರ ಒಳರೋಧವನ್ನು ಸಾಮಾನ್ಯವಾಗಿ ಸುಮಾರು ಒಂದು ಕೋಟಿ ಓಮ್ ಇಟ್ಟಿರುತ್ತಾರೆ. 32 ಲಕ್ಷ ಓಮಿನ ಕಿಂಡಿಗಳಿಂದ ಜಿನುಗುವ ವಿದ್ಯುತ್ತು ಅಂಥ ಮೀಟರಿಗೆ ಧಾರಾಳವಾಗಿ ಸಾಕು. ಆದಕಾರಣ 115ರಲ್ಲಿ ಬಹುಪಾಲನ್ನು ಅದು ತೋರಿಸಿಬಿಡುತ್ತದೆ. ಮುಳ್ಳು ಆಡುವ ಹಳೆಯ ಮೀಟರುಗಳಲ್ಲಿ ಈ ಭ್ರಮೆ ಇಷ್ಟಿರಲಿಲ್ಲ. ವೋಲ್ಟಿಗೆ 1000 ಓಮ್ ಲೆಕ್ಕದ ಮೀಟರನ್ನು 250 ವೋಲ್ಟಿನ ವ್ಯಾಪ್ತಿಯಲ್ಲಿಟ್ಟರೆ ಅದರ ರೋಧ ಕೇವಲ ಎರಡೂವರೆ ಲಕ್ಷ ಓಮ್. ಅದೇ ಬಿಡಿತಂತಿಗೆ ಅದನ್ನು ಮುಟ್ಟಿಸಿದರೆ ಮುಳ್ಳು ಸುಮಾರು 18 ವೋಲ್ಟಿನಲ್ಲಿ ನಿಲ್ಲುತ್ತಿತ್ತು. 15 ವಾಟಿನ ಬಲ್ಬಾದರೋ ಬಿಂದಿಗೆಯಂತೆ. ಉರಿಯುವಾಗ ಅದರ ರೋಧ ಸುಮಾರು 3500 ಓಮ್, ತಣ್ಣಗಿರುವಾಗ ಅದಕ್ಕಿಂತಲೂ ಕಡಿಮೆ. ಅದರ ಮುಂದೆ ಹುಸಿ ವೋಲ್ಟೇಜು ಕಾಲು ವೋಲ್ಟಿಗೂ ನಿಲ್ಲಲಾರದು.

ಇನ್ನು ಆ ತಂತಿಯಿಂದ ಹರಿಯಬಹುದಾಗಿದ್ದ ಪ್ರವಾಹವೆಷ್ಟು? 230ನ್ನು 32 ಲಕ್ಷದಿಂದ ಭಾಗಿಸಿದರೆ ಒಂದು ಮಿಲಿಆಂಪಿಯರಿನ ನೂರರಲ್ಲಿ ಸುಮಾರು ಏಳು ಭಾಗ. ಮನುಷ್ಯನ ಕೈಗೆ ವಿದ್ಯುತ್ತಿನ ಚುರುಕು ಅರಿವಾಗಲು ಸುಮಾರು ಅರ್ಧ ಮಿಲಿಆಂಪಿಯರಾದರೂ ಬೇಕು. ಮಾಸ್ತರರ ದೆವ್ವಕ್ಕೆ ಕಚ್ಚುವ ಹಲ್ಲು ಇರಲಿಲ್ಲವೆಂಬುದರ ತಾತ್ಪರ್ಯ ಇದು.

ಆದರೆ ಎಲ್ಲ ದೆವ್ವಗಳೂ ಹಲ್ಲಿಲ್ಲದವಲ್ಲ. ಧಾರಕತೆ ತಂತಿಯ ಉದ್ದದೊಡನೆ ಬೆಳೆಯುತ್ತದೆ. ಬಹುಮಹಡಿ ಕಟ್ಟಡಗಳಲ್ಲಿ 100 ಮೀಟರ್ ಜೊತೆಜೊತೆಯಾಗಿ ಏರಿದ ಬಿಡಿತಂತಿಯಲ್ಲಿ ಈ ಪ್ರವಾಹ ಹತ್ತುಪಟ್ಟಾಗಿ ಬೆರಳಿಗೆ ಚುರುಗುಟ್ಟಿಸುತ್ತದೆ. ಆ ಚುರುಕು ಕೊಲ್ಲಲಾರದು. ಬೆಚ್ಚಿಬಿದ್ದವನು ಏಣಿಯಿಂದ ಉರುಳಿದರೆ ನೆಲ ಕೊಂದೀತು. ದೂರ ಸಾಗಾಣಿಕೆಯ ಮಾರ್ಗಗಳ ಸಂಗತಿ ಇನ್ನೂ ಗಂಭೀರ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಒಯ್ದ ನಾಡು ನಮ್ಮದು. ಅಷ್ಟು ಉದ್ದದ ಎರಡು ಮಾರ್ಗಗಳು ಅಕ್ಕಪಕ್ಕದಲ್ಲಿ ಸಾಗುವಾಗ, ಒಂದನ್ನು ಪೂರ್ತಿ ಕಡಿದಿಟ್ಟರೂ ಮತ್ತೊಂದರ ಪ್ರಭಾವದಿಂದ ಅದರಲ್ಲಿ ಕೊಲ್ಲುವಷ್ಟು ವಿದ್ಯುತ್ತು ಮೂಡಬಲ್ಲದು. ಲೈನ್‌ಮನ್‌ಗಳು ಕೆಲಸಕ್ಕೆ ಮೊದಲು ಆರಿಸಿದ ಮಾರ್ಗವನ್ನೂ ಕೆಲಸದ ಸ್ಥಳದ ಎರಡು ಕಡೆಗಳಲ್ಲಿ ಭೂಮಿಗೆ ಸೇರಿಸುವುದು ಈ ಕಾರಣದಿಂದ.

ಟೆಸ್ಟರಿನ ಮಾತೂ ಆರಿದ ದೀಪದ ಬೆಳಕೂ

ನಮ್ಮ ಮನೆಗಳ ಸಾಮಾನ್ಯ ಉಪಕರಣ ಟೆಸ್ಟರ್. 1898ರಲ್ಲಿ ಲಂಡನ್ನಿನಲ್ಲಿ ರಾಮ್ಸೆ ಹಾಗೂ ಟ್ರಾವರ್ಸ್ ಎಂಬ ವಿಜ್ಞಾನಿಗಳು ಕಂಡುಹಿಡಿದ ನಿಯಾನ್ ಅನಿಲವನ್ನು ತುಂಬಿದ ಪುಟ್ಟ ದೀಪ ಅದರ ಹಿಡಿಯಲ್ಲಿರುತ್ತದೆ. ಜೊತೆಗೆ ದೊಡ್ಡದೊಂದು ರೋಧಕವಿರುವುದರಿಂದ ನಮ್ಮ ದೇಹದ ಮೂಲಕ ಹರಿಯುವ ಪ್ರವಾಹ ಅರಿವಿಗೂ ಬಾರದಷ್ಟು ಅಲ್ಪ. ಅಷ್ಟರಲ್ಲಿಯೇ ಉರಿಯುವ ದೀಪವಾದ್ದರಿಂದ ಹುಸಿ ವೋಲ್ಟೇಜಿಗೂ ಅದು ಮಂದವಾಗಿ ಬೆಳಗಬಹುದು. ಆದರೆ ವಿಪರೀತವಾದ ಇನ್ನೊಂದು ತಪ್ಪು ಹೆಚ್ಚು ಭಯಂಕರ. ಒಣಗಿದ ಮರದ ಮಣೆಯ ಮೇಲೆ ದಪ್ಪ ರಬ್ಬರಿನ ಚಪ್ಪಲಿ ಮೆಟ್ಟಿ ನಿಂತಾಗ, ಕಿಟಕಿಯ ಬಿಸಿಲು ಕೈಮೇಲೆ ಬೀಳುವಾಗ, ಅಥವಾ ಟೆಸ್ಟರೇ ಕೆಟ್ಟಿರುವಾಗ, ನಿಜವಾದ ವಿದ್ಯುತ್ತಿದ್ದರೂ ದೀಪ ಕಾಣದಿರಬಹುದು. ಟೆಸ್ಟರ್ ಬೆಳಗಿದರೆ ಎಚ್ಚರಿಕೆ ಎಂದು ತಿಳಿಯಿರಿ. ಬೆಳಗದಿದ್ದರೆ ಅಭಯವೆಂದು ತಿಳಿಯಬೇಡಿ.

ಎಲ್‌ಇಡಿ ದೀಪ ಬಂದ ಮೇಲೆ ಹಲವು ಮನೆಗಳಲ್ಲಿ ಇನ್ನೊಂದು ದೂರು ಕೇಳಿಬರುತ್ತಿದೆ. ರಾತ್ರಿ ಸ್ವಿಚ್ ಆರಿಸಿದ ಮೇಲೂ ದೀಪ ಬೂದಿ ಮುಚ್ಚಿದ ಕೆಂಡದಂತೆ ಮಂಕಾಗಿ ಹೊಳೆಯುತ್ತದೆ, ಇಲ್ಲವೇ ಆಗಾಗ ಮಿಣುಕುತ್ತದೆ. ಸ್ವಿಚ್ಚಿನಿಂದ ದೀಪದವರೆಗಿನ ತಂತಿ ಫೇಸ್ ತಂತಿಯ ಪಕ್ಕದಲ್ಲಿ ಸಾಗುವಾಗ ದಕ್ಕುವ ಹುಸಿ ವಿದ್ಯುತ್ತು, ಅಥವಾ ಸ್ವಿಚ್ಚಿನೊಳಗಿನ ಸೂಚಕದೀಪದ ಮೂಲಕ ಜಿನುಗುವ ಪ್ರವಾಹ ಇದಕ್ಕೆ ಕಾರಣವಿರಬಹುದು. ಆದರೆ ಮೂರನೆಯ ಕಾರಣವೊಂದಿದೆ: ಕೆಲಸಗಾರನು ಫೇಸಿನಲ್ಲಿಡಬೇಕಾದ ಸ್ವಿಚ್ಚನ್ನು ನ್ಯೂಟ್ರಲಿನಲ್ಲಿಟ್ಟಿರಬಹುದು. ಹಾಗಿದ್ದರೆ ಸ್ವಿಚ್ ಆರಿಸಿದ ಮೇಲೂ ಹೋಲ್ಡರಿನಲ್ಲಿ 230 ವೋಲ್ಟ್ ನಿಂತೇ ಇರುತ್ತದೆ. ಬಲ್ಬು ಬದಲಿಸಲು ಕೈಹಾಕಿದವರ ಗತಿಯೇನು? ಒಂದೇ ಮಂಕುಬೆಳಕಿಗೆ ಮೂರು ಕಾರಣಗಳು. ಎರಡು ನಿರುಪದ್ರವಿ, ಒಂದು ಮಾರಕ. ಕಣ್ಣಿನಿಂದ ನೋಡಿ ಯಾವುದು ಯಾವುದೆಂದು ಹೇಳಲಾಗುವುದಿಲ್ಲ.

ಎರಡನೆಯ ಸಲ

ಕರೆಗಂಟೆಯ ಪ್ರಸಂಗ ನಡೆದ ಮೇಲೆ ಮಳೆಗಾಲ ಬಂತು. ಒಂದು ಮುಂಜಾನೆ ಮಾಸ್ತರರ ಮನೆಯಲ್ಲಿ ಸ್ನಾನದ ನೀರು ಕಾಯಲಿಲ್ಲ. ಗೀಸರಿನ ಸ್ವಿಚ್ ಹಾಕಿಯೇ ಇತ್ತು. ಅದರ ಕೆಂಪು ದೀಪ ಉರಿಯುತ್ತಿರಲಿಲ್ಲ. ಬಚ್ಚಲುಮನೆಯ ಬಾಗಿಲ ಮೇಲಿನ ಜಂಕ್ಷನ್ ಪೆಟ್ಟಿಗೆಯನ್ನು ಬಿಚ್ಚಿ ನೋಡಿದಾಗ ಕಪ್ಪು ತಂತಿಯ ಜೋಡಣೆ ಸುಟ್ಟು ಬಿಟ್ಟುಹೋಗಿರುವುದು ಕಂಡಿತು. ಗೀಸರಿನ ಕಡೆಗೆ ಹೋಗುವ ಕಪ್ಪು ತಂತಿಯ ತುದಿಗೆ ಟೆಸ್ಟರ್ ಇಟ್ಟರು, ಉರಿಯಿತು. ಕಪ್ಪು ತಂತಿ, ಅದರಲ್ಲಿಯೂ ಕಡಿದುಹೋದದ್ದು! ಮೀಟರನ್ನು ತಂದು ಆ ತುದಿಗೂ ಕೆಂಪು ತಂತಿಗೂ ನಡುವೆ ಹಿಡಿದರು, ಸೊನ್ನೆ ತೋರಿಸಿತು.

ಕೆಳಗೆ ಏಣಿ ಹಿಡಿದಿದ್ದ ತಮ್ಮ ಮನೆಯವರಿಗೆ "ರಾಯರು ಹೇಳಿದ ದೆವ್ವನ ಇದು, ಏನೂ ಮಾಡೂದಿಲ್ಲ" ಎಂದರಂತೆ. ಮೇನ್ ಸ್ವಿಚ್ ಆರಿಸಲಿಲ್ಲ. ಒಂದು ಕೈ ನೀರಿನ ಕಬ್ಬಿಣದ ಪೈಪಿನ ಮೇಲಿತ್ತು. ಇನ್ನೊಂದು ಕೈಯಿಂದ ಆ ತುದಿಯನ್ನು ಹಿಡಿದರು.

ಅಪ್ಪಳಿಸಿದ ಆಘಾತಕ್ಕೆ ಮಾಸ್ತರರು ಏಣಿಯಿಂದ ಕೆಳಗೆ ಬಿದ್ದರು. ಬಿದ್ದುದರಿಂದಲೇ ತಂತಿ ಕೈತಪ್ಪಿತು, ಜೀವ ಉಳಿಯಿತು. ಮಣಿಕಟ್ಟಿನ ಮೂಳೆ ಮುರಿಯಿತು, ಎರಡು ಬೆರಳುಗಳು ಸುಟ್ಟವು, ಒಂದು ರಾತ್ರಿ ಆಸ್ಪತ್ರೆಯಲ್ಲಿ ಹೃದಯದ ಮೇಲೆ ನಿಗಾ ಇಟ್ಟು ಮರುದಿನ ಬಿಟ್ಟರು. ನನ್ನನ್ನು ನೋಡಿದಾಗ ಅವರು ಒಂದು ಮಾತೂ ಆಕ್ಷೇಪಣೆ ಮಾಡಲಿಲ್ಲ. ಅವರ ಮನೆಯವರು ಮಾತ್ರ, "ರಾಯರ, ನೀವ ಹೆದರಬ್ಯಾಡ್ರಿ ಅಂದಿದ್ರಂತ" ಎಂದು ಮೆಲ್ಲಗೆ ಹೇಳಿದರು. ಆ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ.

ಆ ತಂತಿಯಲ್ಲಿದ್ದದ್ದು ಹುಸಿಯಲ್ಲ, ಅಪ್ಪಟ ನಿಜ. ಗೀಸರಿನ ಸ್ವಿಚ್ ಹಾಕಿದ್ದರಿಂದ ಫೇಸಿನ ವಿದ್ಯುತ್ತು ಕಾಯಿಸುವ ಸುರುಳಿಯನ್ನು ಹಾದು ಕಪ್ಪು ತಂತಿಯ ಕಡಿದ ತುದಿಯವರೆಗೂ ಬಂದು ನಿಂತಿತ್ತು. 2000 ವಾಟಿನ ಸುರುಳಿಯ ರೋಧ ಸುಮಾರು 26 ಓಮ್ ಮಾತ್ರ. ಲಕ್ಷಗಟ್ಟಲೆ ಓಮಿನ ಕಿಂಡಿಯೆಲ್ಲಿ, 26 ಓಮಿನ ಹೆಬ್ಬಾಗಿಲೆಲ್ಲಿ! ಮೀಟರು ಸೊನ್ನೆ ತೋರಿಸಿದ್ದೂ ಸತ್ಯವೇ. ಕೆಂಪು ತಂತಿಯಲ್ಲಿಯೂ 230, ಕಪ್ಪು ತುದಿಯಲ್ಲಿಯೂ 230. ಎರಡರ ನಡುವಣ ಅಂತರ ಸೊನ್ನೆ. ವೋಲ್ಟ್‌ಮೀಟರು ಹೇಳುವುದು ಎರಡು ಬಿಂದುಗಳ ನಡುವಣ ಅಂತರವನ್ನು. ಭೂಮಿಯ ಮೇಲೆ ನಿಂತ ಮನುಷ್ಯನಿಗೂ ಆ ತಂತಿಗೂ ನಡುವಣ ಅಂತರವನ್ನು ಅದು ಕೇಳದೆ ಹೇಳುವುದಿಲ್ಲ.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮೊದಲನೆಯ ಸಲ ಮೀಟರು 112 ತೋರಿಸಿತು, ಅಲ್ಲಿ ಅಪಾಯವಿರಲಿಲ್ಲ. ಎರಡನೆಯ ಸಲ ಸೊನ್ನೆ ತೋರಿಸಿತು, ಅಲ್ಲಿ ಮೃತ್ಯು ಕಾದಿತ್ತು. ಎರಡು ಸಲವೂ ಮೀಟರು ನಿಜವನ್ನೇ ಹೇಳಿತು. ಒಂದೇ ಬಲ್ಬನ್ನು ಆ ಕಪ್ಪು ತುದಿಗೂ ಪೆಟ್ಟಿಗೆಯೊಳಗೆ ಮೇನ್ ಸ್ವಿಚ್ಚಿನಿಂದ ಬಂದ ನ್ಯೂಟ್ರಲಿನ ತುದಿಗೂ ನಡುವೆ ಇಟ್ಟಿದ್ದರೆ ಅದು ಝಗ್ಗನೆ ಉರಿದು ಎಚ್ಚರಿಸುತ್ತಿತ್ತು. ಬಲ್ಬಿನ ಮರ್ಮವನ್ನು ನಾನು ಹೇಳಿರಲಿಲ್ಲ.

ದೇಹವೆಂಬ ವಾಹಕ

ವಿದ್ಯುತ್ತು ದೇಹಕ್ಕೆ ಮಾಡುವ ಕೇಡು ವೋಲ್ಟಿನ ಅಂಕಿಯೊಂದನ್ನೇ ಅವಲಂಬಿಸಿಲ್ಲ. ದೇಹದ ಮೂಲಕ ಹರಿದ ಪ್ರವಾಹ, ಹರಿದ ಹಾದಿ, ಹರಿದ ಕಾಲ ಇವುಗಳನ್ನು ಅವಲಂಬಿಸಿದೆ. ಅರ್ಧ ಮಿಲಿಆಂಪಿಯರಿನಲ್ಲಿ ಚುರುಕು ಅರಿವಾಗುತ್ತದೆ. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಕೈಯ ಸ್ನಾಯುಗಳು ಬಿಗಿದು, ಹಿಡಿದ ತಂತಿಯನ್ನು ಬಿಡಲಾರದ ಸ್ಥಿತಿ ಒದಗುತ್ತದೆ. ಇನ್ನೂ ಏರಿದರೆ ಎದೆಯ ಸ್ನಾಯುಗಳು ಬಿಗಿದು ಉಸಿರು ಕಟ್ಟುತ್ತದೆ. 50ರಿಂದ 100 ಮಿಲಿಆಂಪಿಯರ್ ಒಂದೆರಡು ಸೆಕೆಂಡು ಎದೆಯನ್ನು ಹಾದುಹೋದರೆ ಹೃದಯದ ಕೆಳಕೋಣೆಗಳು ಲಯ ತಪ್ಪಿ ಸುಮ್ಮನೆ ನಡುಗತೊಡಗಬಹುದು. ನಡುಗುವ ಹೃದಯ ರಕ್ತವನ್ನು ತಳ್ಳಲಾರದು.

ಬೆವರಿನಿಂದಲೋ ಮಳೆಯಿಂದಲೋ ಒದ್ದೆಯಾದ ದೇಹದ ರೋಧ ಸುಮಾರು ಸಾವಿರ ಓಮಿಗೆ ಇಳಿಯುತ್ತದೆ. ಆಗ 230 ವೋಲ್ಟಿಗೆ ಹರಿಯುವುದು ಸುಮಾರು 230 ಮಿಲಿಆಂಪಿಯರ್. ಒಂದು ಕೈಯಿಂದ ಹೊಕ್ಕು ಇನ್ನೊಂದು ಕೈಯಿಂದ ಹೊರಡುವ ಪ್ರವಾಹ ಎದೆಯನ್ನೇ ಹಾಯುತ್ತದೆ. ಮುಂಬಯಿ, ಚೆನ್ನೈಗಳಂಥ ಕಡಲ ತಡಿಯ ನಗರಗಳಲ್ಲಿ ವರ್ಷದ ಬಹುಕಾಲ ಮೈ ಬೆವರುತ್ತಿರುವುದನ್ನು ಮರೆಯಬಾರದು. ಮನೆಯ ಫ್ಯೂಸೋ ಎಂಸಿಬಿಯೋ ಕಾಪಾಡೀತೆಂಬ ನಂಬಿಕೆಯೂ ಹುಸಿಯೇ. ಅವು ಹಲವು ಆಂಪಿಯರ್ ಹರಿದಾಗ ತಂತಿಯನ್ನು ಕಾಯಲು ಇರುವಂಥವು; ಕಾಲು ಆಂಪಿಯರಿನಲ್ಲಿ ಪ್ರಾಣ ಹೋಗುವುದು ಅವುಗಳ ಗಮನಕ್ಕೇ ಬರುವುದಿಲ್ಲ. ಮನುಷ್ಯನನ್ನು ಕಾಯುವುದು 30 ಮಿಲಿಆಂಪಿಯರಿಗೆ ಬಿಡುವ ಆರ್‌ಸಿಸಿಬಿ. ಹೋದ ಪ್ರವಾಹವೂ ಮರಳಿದ ಪ್ರವಾಹವೂ ಸಮನಾಗಿಲ್ಲವೆಂದು ಕಂಡೊಡನೆ ಅದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಮಾಸ್ತರರ ಮನೆಯಲ್ಲಿ ಅದಿರಲಿಲ್ಲ, ಈಗ ಇದೆ. ತಮ್ಮ ಮನೆಯ ಫಲಕದಲ್ಲಿ ಅದಿದೆಯೇ ಎಂದು ವಾಚಕರು ಇಂದೇ ನೋಡಬೇಕು. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ, ಅದು ಬಿಡುತ್ತದೆಯೇ ಎಂದು ಪರೀಕ್ಷಿಸಬೇಕು.

ಪರೀಕ್ಷೆಯ ಕ್ರಮ

ಮೊದಲನೆಯದಾಗಿ, ತಂತಿಯ ಕೆಲಸ ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನದು. ಹಾಗಿದ್ದರೂ ಅವನು ಸರಿಯಾದ ಕ್ರಮದಲ್ಲಿ ಪರೀಕ್ಷಿಸುತ್ತಿದ್ದಾನೆಯೇ ಎಂದು ಗಮನಿಸುವಷ್ಟು ತಿಳಿವಳಿಕೆ ಮನೆಯ ಯಜಮಾನನಿಗೂ ಯಜಮಾನಿತಿಗೂ ಇರಬೇಕು.

ಕೆಲಸಕ್ಕೆ ಮೊದಲು ಮೇನ್ ಸ್ವಿಚ್ಚನ್ನು ಆರಿಸಬೇಕು. ಫ್ಯೂಸನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳಬೇಕು. ಎಂಸಿಬಿಯಾದರೆ ಯಾರೂ ಮರಳಿ ಹಾಕದಂತೆ ಒಬ್ಬರನ್ನು ಅಲ್ಲಿ ನಿಲ್ಲಿಸಬೇಕು. ಇನ್ವರ್ಟರ್ ಇದ್ದರೆ ಅದನ್ನೂ ಆರಿಸಿ ಅದರ ಹೊರಗಣ ಸಂಪರ್ಕವನ್ನೂ ತಪ್ಪಿಸಬೇಕು. ಮೇನ್ ಆರಿಸಿದ ಮೇಲೂ ಇನ್ವರ್ಟರಿನ ತಂತಿಗಳಲ್ಲಿ 230 ವೋಲ್ಟ್ ಹರಿಯುತ್ತಿರುತ್ತದೆ. ಇದನ್ನು ಹುಸಿಯೆಂದು ಬಗೆದರೆ ಅನರ್ಥ.

ಆಮೇಲೆ ಮೂರು ಹೆಜ್ಜೆಗಳ ಪರೀಕ್ಷೆ. ಉಪಕರಣವನ್ನು ವಿದ್ಯುತ್ತಿದೆಯೆಂದು ಖಚಿತವಾಗಿ ತಿಳಿದ ಜಾಗದಲ್ಲಿ ಮೊದಲು ಪರೀಕ್ಷಿಸಿ, ಅದು ಸರಿಯಾಗಿದೆಯೆಂದು ದೃಢಪಡಿಸಿಕೊಳ್ಳುವುದು ಮೊದಲನೆಯ ಹೆಜ್ಜೆ. ಕೆಲಸ ಮಾಡಬೇಕಾದ ತಂತಿಯನ್ನು ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಎಂಬ ಮೂರು ಜೋಡಿಗಳಲ್ಲಿಯೂ ನೋಡುವುದು ಎರಡನೆಯದು. ಮಾಸ್ತರರು ಒಂದು ಜೋಡಿಯನ್ನು ಮಾತ್ರ ನೋಡಿದ್ದರು. ಉಪಕರಣ ನಡುವೆ ಕೆಟ್ಟಿಲ್ಲವೆಂದು ತಿಳಿಯಲು ಅದನ್ನು ಮತ್ತೆ ಮೊದಲಿನ ಜಾಗದಲ್ಲಿ ಪರೀಕ್ಷಿಸುವುದು ಮೂರನೆಯದು.

ಈ ಪರೀಕ್ಷೆಯಲ್ಲಿ ಯಾವುದೋ ಅಂಕಿ ಕಂಡುಬಂದು, ಹುಸಿಯೋ ನಿಜವೋ ಎಂಬ ಸಂಶಯ ಬಂದರೆ, ಹೊರೆ ಹೊರಿಸಿ ನೋಡುವುದೊಂದೇ ದಾರಿ. ಒಳರೋಧ ಕೆಲವೇ ಸಾವಿರ ಓಮ್ ಇರುವ ವ್ಯವಸ್ಥೆ ಈಗ ಕೆಲವು ಮೀಟರುಗಳಲ್ಲಿದೆ. ಕೊಳ್ಳುವಾಗ ಅದನ್ನು ಕೇಳಿ ಕೊಳ್ಳಬೇಕು. ಕವಚವುಳ್ಳ ಕಡ್ಡಿಗಳಿರುವ ಟೆಸ್ಟ್ ಲ್ಯಾಂಪ್ ಬಲ್ಲವರ ಕೈಯಲ್ಲಿ ಅದೇ ಕೆಲಸ ಮಾಡುತ್ತದೆ. ಈ ದೀಪಕ್ಕೆ ಎಲ್‌ಇಡಿ ಬಲ್ಬು ಸಲ್ಲದು. ಹುಸಿಗೂ ಅದು ಮಿಣುಕಬಹುದು. ಹೊರೆ ಹೊರಿಸಿದಾಗ ಅಂಕಿ ಕುಸಿದರೆ ಹುಸಿ, ನಿಂತರೆ ನಿಜ. ಆರ್‌ಸಿಸಿಬಿ ಇರುವ ಮನೆಯಲ್ಲಿ ಫೇಸಿಗೂ ಅರ್ಥಿಗೂ ನಡುವೆ ದೀಪ ಹಿಡಿದಾಗ ಅದು ಬಿಟ್ಟುಕೊಂಡರೆ ಕೆಟ್ಟಿತೆಂದು ಗಾಬರಿಪಡಬೇಕಿಲ್ಲ. ಅದು ತನ್ನ ಧರ್ಮವನ್ನು ಪಾಲಿಸಿತು, ಮಾತ್ರವಲ್ಲ, ಅಲ್ಲಿರುವುದು ನಿಜವಾದ ವಿದ್ಯುತ್ತೆಂದು ಸಾರಿತು.

ಹುಸಿಯೆಂದು ಸಿದ್ಧವಾದ ಬಿಡಿತಂತಿಯನ್ನು ಕೂಡ ಹಾಗೆಯೇ ಬಿಡಬಾರದು. ತುದಿಗಳಿಗೆ ಕನೆಕ್ಟರ್ ಹಾಕಿ, ಪೆಟ್ಟಿಗೆಯೊಳಗೆ ಮುಚ್ಚಿಡಬೇಕು. ಇಂದು ಯಾವುದಕ್ಕೂ ಸೇರಿರದ ತಂತಿಯನ್ನು ಮುಂದೆ ಬಂದ ಬಾಡಿಗೆದಾರನೋ ಕೆಲಸಗಾರನೋ ಯಾವುದಕ್ಕಾದರೂ ಸೇರಿಸಿಬಿಡಬಹುದು.

ಅವಘಡ ಸಂಭವಿಸಿದಾಗ

ಯಾರಿಗಾದರೂ ವಿದ್ಯುದಾಘಾತವಾದರೆ ಅವರನ್ನು ಮೊದಲು ಮುಟ್ಟಬಾರದು. ಮೊದಲು ಮೇನ್ ಸ್ವಿಚ್ ಆರಿಸಬೇಕು. ಅದು ಕೈಗೆ ನಿಲುಕದಿದ್ದರೆ ಒಣಗಿದ ಮರದ ಕೋಲಿನಿಂದ ತಂತಿಯನ್ನು ದೂರ ಸರಿಸಬೇಕು. ಪ್ರಜ್ಞೆಯಿಲ್ಲದೆ, ಸಹಜವಾದ ಉಸಿರಾಟವೂ ಇಲ್ಲದಿದ್ದರೆ ಒಬ್ಬರು 112ಕ್ಕೋ, ಹಲವು ರಾಜ್ಯಗಳಲ್ಲಿ ಆಂಬುಲೆನ್ಸಿಗೆಂದಿರುವ 108ಕ್ಕೋ ಕರೆಮಾಡಬೇಕು. ಇನ್ನೊಬ್ಬರು ತಡಮಾಡದೆ ಎದೆಯ ನಡುಭಾಗವನ್ನು ಎರಡು ಅಂಗೈಗಳಿಂದ ನಿಮಿಷಕ್ಕೆ 100ರಿಂದ 120 ಸಲದಂತೆ, ಕನಿಷ್ಠ 5 ಸೆಂಟಿಮೀಟರ್ ಇಳಿಯುವ ಹಾಗೆ, ಒತ್ತುತ್ತಲೇ ಇರಬೇಕು. ನೆರವು ಬರುವವರೆಗೂ ನಿಲ್ಲಿಸಬಾರದು. ಬಿದ್ದವರು ತಾವೇ ಎದ್ದು ಕುಳಿತು "ಏನೂ ಆಗಿಲ್ಲ" ಎಂದರೂ ವೈದ್ಯರಿಗೆ ತೋರಿಸಿ ಇಸಿಜಿ ಮಾಡಿಸಬೇಕು. ಹೊರಗಿನ ಚರ್ಮದ ಸುಟ್ಟಗಾಯ ಚಿಕ್ಕದಿದ್ದರೂ ಒಳಗಿನ ಸ್ನಾಯುಗಳಿಗೆ ಹೆಚ್ಚು ಪೆಟ್ಟಾಗಿರಬಹುದು.

ಕೊನೆಯ ಮಾತು

ಮಾಸ್ತರರ ಮಣಿಕಟ್ಟು ಕೂಡಿಕೊಂಡಿದೆ. ಇಕ್ಕಳವನ್ನೂ ಮೀಟರನ್ನೂ ಅವರ ಮನೆಯವರು ಬೀಗದ ಕಪಾಟಿಗೆ ಸೇರಿಸಿ, ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡಿದ್ದಾರೆ. ಆದರೂ ನಾವಿಬ್ಬರೂ ಒಂದು ಸಂಜೆ ಕುಳಿತು, ಆ 15 ವಾಟಿನ ಬಲ್ಬಿನ ಸಂಗತಿಯನ್ನು ಕಾಗದದ ಮೇಲೆ ಲೆಕ್ಕಹಾಕಿದೆವು. ಎಲ್ಲವನ್ನೂ ಕೇಳಿ ಮಾಸ್ತರರು ಹೇಳಿದರು: "ರಾಯರ, ಸಾಲ್ಯಾಗ ನಾನೂ ಹಿಂಗ ಮಾಡೇನಿ. ಉತ್ತರ ಹೇಳಿಬಿಟ್ಟು, ಲೆಕ್ಕ ಮಾಡೂ ರೀತಿ ಹೇಳದ ಬಿಟ್ಟೇನಿ."

ಹುಸಿ ವೋಲ್ಟೇಜು ಎಂಬುದೊಂದಿದೆ ಎಂದು ತಿಳಿಯುವುದರಿಂದ ಯಾರ ಜೀವವೂ ಉಳಿಯುವುದಿಲ್ಲ. ಅದು ಹುಸಿಯೆಂದು ಪರೀಕ್ಷೆಯಿಂದ ಸಿದ್ಧವಾಗುವವರೆಗೆ ಪ್ರತಿಯೊಂದು ತಂತಿಯಲ್ಲಿಯೂ ವಿದ್ಯುತ್ತಿದೆಯೆಂದೇ ಬಗೆಯುವುದರಿಂದ ಉಳಿಯುತ್ತದೆ. ವಾಚಕರು ಇಷ್ಟನ್ನು ನೆನಪಿನಲ್ಲಿಟ್ಟು, ಮನೆಯ ಮಕ್ಕಳಿಗೂ ಹೇಳಿಕೊಟ್ಟರೆ ಈ ಲೇಖನದ ಶ್ರಮ ಸಾರ್ಥಕ.